ಮಕ್ಕಳಿಗೆ ಮಾನವೀಕರಣ ಕಲಿಸೋದು ಹೇಗೆ? ನಳ, ಪಾಟಿಚೀಲ, ಎರೆಹೊಲದಿಂದ ಶುರು ಮಾಡಿ

ನಾಲ್ಕನೇ, ಐದನೇ ತರಗತಿಗೆ ಮಾನವೀಕರಣ ಕಲಿಸುವಾಗ ಬಹಳ ಜನ ಮೊದಲು ವ್ಯಾಖ್ಯೆ ಬರೆಸುತ್ತಾರೆ. ಜೀವ ಇಲ್ಲದ ವಸ್ತುವಿಗೆ ಮನುಷ್ಯರ ಗುಣ ಕೊಡುವುದು ಅಂತ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆಮೇಲೆ ಉದಾಹರಣೆ ಬರೆಯಿರಿ ಅಂದರೆ ಇಡೀ ತರಗತಿ 'ಸೂರ್ಯ ನಗುತ್ತಾನೆ, ಹೂವು ನಗುತ್ತದೆ, ಮೋಡ ಅಳುತ್ತದೆ' ಅಂತ ಬರೆದು ಕೂರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಮಕ್ಕಳಲ್ಲಿ ಒಬ್ಬರೂ ಅವತ್ತು ಸೂರ್ಯನನ್ನಾಗಲಿ ಹೂವನ್ನಾಗಲಿ ನೋಡಿರುವುದಿಲ್ಲ.

ನನ್ನ ಮಾತು ಇಷ್ಟೇ. ಮೊದಲು ವಸ್ತುವನ್ನು ಚೆನ್ನಾಗಿ ನೋಡಿಸಿ. ಅದು ನಿಜವಾಗಿ ಏನು ಮಾಡುತ್ತದೆ ಅಂತ ಮಗುವಿಗೆ ಗೊತ್ತಾದರೆ, ಅದಕ್ಕೆ ಮಾತು, ಸಿಟ್ಟು, ಹಟ ಕೊಡೋದು ಕಷ್ಟವೇ ಅಲ್ಲ. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಮಕ್ಕಳ ಮನೆಯಲ್ಲೇ ಇದೆ.

ಯಾವ ತರಗತಿಗೆ ಏನು

ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಇದನ್ನು ಅಲಂಕಾರ ಅಂತ ಹೇಳಲು ಹೋಗಬೇಡಿ. ಚಂದಪ್ಪ ತಮ್ಮ ಹಿಂದೆಯೇ ನಡೆದು ಬರುತ್ತಾನೆ ಅಂತ ಆ ವಯಸ್ಸಿನ ಮಕ್ಕಳು ಎಷ್ಟೋ ಸಲ ನಿಜವಾಗಿಯೂ ನಂಬಿರುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನೇ ಗಮನಿಸಿದ್ದರು. ಸುಮಾರು 2ರಿಂದ 7 ವರ್ಷದ ಮಕ್ಕಳು ಜೀವ ಇಲ್ಲದ ವಸ್ತುವಿಗೂ ಜೀವ, ಮನಸ್ಸು ಇದೆ ಅಂದುಕೊಳ್ಳುತ್ತಾರೆ ಅಂತ. ನಿಜ ಅಂತ ನಂಬಿರುವ ಮಗುವಿಗೆ 'ಇದು ನಾವು ಬೇಕಂತಲೇ ಹೇಳುವ ರೀತಿ' ಅನ್ನೋದು ಅರ್ಥವಾಗುವುದಿಲ್ಲ. ಅವರ ಜೊತೆ ಸುಮ್ನೆ ಆಡಿ. ನಲಿ-ಕಲಿ ಕೊಠಡಿಯಲ್ಲಿ ಬಕೆಟ್ ಮಾತಾಡಿಸಿ, ಕಸಬರಿಗೆ ಮಾತಾಡಿಸಿ, ಅಷ್ಟು ಸಾಕು.

ಮೂರನೇ ತರಗತಿ ಹೊತ್ತಿಗೆ ಪರಿಸರ ಅಧ್ಯಯನದಲ್ಲಿ ಜೀವಿ, ನಿರ್ಜೀವಿ ಅಂತ ಬೇರೆ ಮಾಡೋದು ಮಕ್ಕಳಿಗೆ ಬಂದಿರುತ್ತದೆ. ಅದು ಗಟ್ಟಿಯಾದ ಮೇಲೆ, ಅಂದರೆ ನಾಲ್ಕನೇ ತರಗತಿಯಲ್ಲಿ, ಈ ಪಾಠಕ್ಕೆ ಕೈ ಹಾಕಿ.

ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶುರುವಿನಲ್ಲಿ 'ಜೀವ ತುಂಬೋದು' ಅನ್ನಿ. ಕೊನೆಗೆ ಒಂದು ದಿನ ಇದಕ್ಕೆ ಮಾನವೀಕರಣ ಅಂತಾರೆ, ನಿಮ್ಮ ಇಂಗ್ಲಿಷ್ ಪಾಠದಲ್ಲಿ ಪರ್ಸಾನಿಫಿಕೇಶನ್ ಅಂತ ಬರೋದು ಇದೇ ಅಂತ ಹೇಳಿ ಮುಗಿಸಿ.

ಮೊದಲ ಹೆಜ್ಜೆ: ಮನೆಯಿಂದ ಮಾತು ತರಿಸಿ

ಮೊದಲ ದಿನ ಏನನ್ನೂ ಕಲಿಸಬೇಡಿ. ಒಂದು ಮನೆಗೆಲಸ ಕೊಡಿ. 'ಅಜ್ಜ, ಅಮ್ಮ, ಅವ್ವ ಮಳೆ ಬಗ್ಗೆ, ಹೊಲದ ಬಗ್ಗೆ, ಕರೆಂಟಿನ ಬಗ್ಗೆ ಹೇಗೆ ಬೈತಾರೆ, ಹೇಗೆ ಹೊಗಳ್ತಾರೆ, ಕೇಳಿ ಬರೆದುಕೊಂಡು ಬನ್ನಿ' ಅಂತ.

ಮರುದಿನ ಏನೇನು ಬರುತ್ತದೆ ನೋಡಿ. ಮಳೆ ಕೈಕೊಟ್ಟಿತು. ಮಳೆರಾಯ ಮುನಿಸಿಕೊಂಡ. ಬಾವಿ ಸತ್ತುಹೋಯಿತು. ಹೊಟ್ಟೆ ತಾಳ ಹಾಕ್ತಿದೆ. ಕೆಲವು ಮನೆಗಳಲ್ಲಿ ಮಳೆಗಳಿಗೇ ಅಣ್ಣನ ಮಳೆ, ತಮ್ಮನ ಮಳೆ, ಅತ್ತೆ ಮಳೆ, ಸೊಸೆ ಮಳೆ ಅಂತ ಹೆಸರಿರುತ್ತದೆ. ಸುಮಾರು ಹದಿಮೂರು-ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ ಬದಲಾದಂತೆ ಮಳೆಗಳೂ ಒಂದೇ ಮನೆಯ ಮಂದಿಯಂತೆ ಸರದಿಯಲ್ಲಿ ಬರುತ್ತವೆ. ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿ: 'ಮಳೆಗೆ ಕೈ ಇದೆಯೇನು?' ಮಕ್ಕಳು ನಗುತ್ತಾರೆ. 'ಮತ್ತೆ ಕೈಕೊಟ್ಟಿತು ಅಂತ ಅಜ್ಜ ಯಾಕೆ ಅಂದರು?' ಅಂತ ಕೇಳಿ, ಅವರಿಗೇ ಯೋಚಿಸಲು ಬಿಡಿ. ನಂಬಿದ ಮನುಷ್ಯ ಕೈಕೊಟ್ಟರೆ ಹೇಗೆ ನೋವಾಗುತ್ತದೋ ಹಾಗೇ ಬಿತ್ತಿ ಕಾದು ಕುಳಿತವನಿಗೂ ಆಗುತ್ತದೆ. ಒಬ್ಬ ಹುಡುಗ ಇದನ್ನು ತನ್ನ ಮಾತಿನಲ್ಲಿ ಹೇಳಿದರೂ ಆ ದಿನದ ಪಾಠ ಮುಗಿದ ಹಾಗೆ.

ಇದನ್ನು ಶುರು ಮಾಡಲು ಜೂನ್ ತಿಂಗಳು ಒಳ್ಳೆಯದು. ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಮಕ್ಕಳ ಕೈಯಲ್ಲಿ ಇನ್ನೂ ಮಣ್ಣಿನ ವಾಸನೆ ಇರುತ್ತದೆ. ಎತ್ತು ಮಾಡಿ, ಅದಕ್ಕೆ ಗೋದಲಿ ಮಾಡಿ, ಎಡೆ ಹಿಡಿದಿರುತ್ತಾರೆ. ಆಷಾಢದ ಮಂಗಳವಾರಗಳಲ್ಲಿ, ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ ಬರುತ್ತಾಳೆ. ಮಳೆ ತಡವಾದರೆ, ಮಳೆ ಬೇಡುವ ಗುರ್ಜಿ ಆಚರಣೆ. ದಸರಾ ಹಬ್ಬ ಮುಗಿದ ಮೇಲೆ ಸೀಗಿ ಹುಣ್ಣಿಮೆ. ಆಗ ಭೂಮಿತಾಯಿ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ (ಭೂಮಿಗೆ ಕೊಡುವ ಅಡುಗೆಯ ಎಡೆ) ಚೆಲ್ಲುತ್ತಾರೆ. ಇಂಥ ಕಡೆ ಬೆಳೆಯುವ ಮಗುವಿಗೆ ವಸ್ತುವನ್ನು ಮಾತಾಡಿಸೋದು ಹೊಸದೇನೂ ಅಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಭೂಮಿತಾಯಿಯನ್ನು ಪೂಜೆ ಮಾಡುವ ಮನೆಯ ಮಗುವಿಗೆ 'ಅದು ಬರೀ ಅಲಂಕಾರ, ನಿಜ ಅಲ್ಲ' ಅಂತ ಹೇಳಬೇಡಿ. ಮನೆಯವರು ನಂಬಿಕೆಯಿಂದ ತಾಯಿ ಅನ್ನುತ್ತಾರೆ, ನಾವು ಬರೆಯುವಾಗ ಕಲ್ಪನೆಯಿಂದ ಜೀವ ತುಂಬುತ್ತೇವೆ. ಎರಡೂ ಬೇರೆ ಬೇರೆ ಕೆಲಸ. ಹೀಗಾಗಿ ಹಬ್ಬದಿಂದ ಮಾತು ಶುರು ಮಾಡಿ, ಬರೆಯುವ ಅಭ್ಯಾಸಕ್ಕೆ ಮಾತ್ರ ದೇವರಲ್ಲದ ವಸ್ತುವನ್ನೇ ಆರಿಸಿಕೊಳ್ಳಿ.

ಎರಡನೇ ಹೆಜ್ಜೆ: ಒಂದೇ ವಸ್ತು, ಪೂರ್ತಿ ಪಿರಿಯಡ್

ಕೈಗೆ ಸಿಗುವ, ಎದ್ದು ಹೋಗಿ ನೋಡಬಹುದಾದ ಒಂದು ವಸ್ತು ಆರಿಸಿ. ನಾನು ಹೆಚ್ಚಾಗಿ ನಳ ಆರಿಸುತ್ತೇನೆ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ನಳದ ಬಗ್ಗೆ ಹೇಳಲು ಇರುವಷ್ಟು ಬೇರೆ ಯಾವುದರ ಬಗ್ಗೆಯೂ ಇಲ್ಲ. ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ನಳ ಅಂದರೆ ಮನೆಯ ಒಬ್ಬ ಮುಖ್ಯ ಮನುಷ್ಯ ಇದ್ದ ಹಾಗೆ.

ಬೋರ್ಡ್ ಮೇಲೆ ಎರಡು ಕಾಲಂ ಮಾಡಿ. ಎಡಗಡೆ ನಳ ನಿಜವಾಗಿ ಏನು ಮಾಡುತ್ತದೆ ಅಂತ ಮಾತ್ರ ಬರೆಯಬೇಕು. ಇಲ್ಲಿ ಕಲ್ಪನೆ ಬೇಡ. ನೀರು ಬರುವ ಮೊದಲು ಬುಸ್ ಅಂತ ಗಾಳಿ ಬಿಡುತ್ತದೆ. ಒಳಗೆ ಗುಳುಗುಳು ಸದ್ದು. ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು. ತಿರುಗಿಸಿ ಬಂದ್ ಮಾಡಿದರೂ ತೊಟ್ಟಿಕ್ಕುತ್ತಲೇ ಇರುತ್ತದೆ. ಅದರ ಮುಂದೆ ಕೊಡಗಳ ಸಾಲು ಇರುತ್ತದೆ. ಬೆಳಗಿನ ಜಾವ ಬರುತ್ತದೆ, ಯಾವಾಗ ಅಂತ ಗೊತ್ತಿರುವುದಿಲ್ಲ. ಈ ಪಟ್ಟಿ ಉದ್ದವಾಗುವ ತನಕ ಬಲಗಡೆಗೆ ಹೋಗಲೇಬೇಡಿ. ಮಕ್ಕಳು ಅವಸರ ಮಾಡುತ್ತಾರೆ, 'ಅಕ್ಕೋರೆ, ನಳ ನಗ್ತೈತ್ರಿ' ಅಂತ ಕೂಗುತ್ತಾರೆ. ತಡೆಯಿರಿ.

ಆಮೇಲೆ ಒಂದೊಂದೇ ಸಾಲು ತೋರಿಸಿ, 'ಮನುಷ್ಯರಲ್ಲಿ ಯಾರು ಹೀಗೆ ಮಾಡ್ತಾರೆ, ಯಾವಾಗ ಮಾಡ್ತಾರೆ?' ಅಂತ ಕೇಳಿ. ಗಾಳಿ ಬಿಡುವ ನಳ ಕೆಮ್ಮುವ ಮುದುಕ ಆಗುತ್ತದೆ. ತೊಟ್ಟಿಕ್ಕುವ ನಳ, ಅಳು ನಿಲ್ಲಿಸಿದ ಮೇಲೂ ಬಿಕ್ಕುವ ಹುಡುಗ. ಹೊತ್ತಲ್ಲದ ಹೊತ್ತಿಗೆ ಬರೋದು, ಹೇಳದೆ ಕೇಳದೆ ಬಂದು ಎಲ್ಲರನ್ನೂ ಎಬ್ಬಿಸುವ ನೆಂಟ. ಬಲಗಡೆಯ ಪ್ರತಿ ಮಾತೂ ಎಡಗಡೆಯ ಒಂದು ಸಾಲಿಗೆ ಕಟ್ಟಿರಬೇಕು, ಇಡೀ ವಿಧಾನದ ಬೇರು ಇದೇ. ಎಡಗಡೆ ಆಧಾರ ಇಲ್ಲದ ಮಾತನ್ನು ಅಳಿಸಬೇಡಿ, ಪಕ್ಕಕ್ಕೆ ಬರೆದಿಟ್ಟು 'ಇದಕ್ಕೆ ಆಧಾರ ಹುಡುಕಿಕೊಂಡು ಬಾ' ಅನ್ನಿ. ಮಗು ನಾಳೆ ನಿಜವಾಗಿಯೂ ನಳ ನೋಡಿ ಬರುತ್ತದೆ.

ಹಳ್ಳಿ ಶಾಲೆಯಾದರೆ ಎರೆ ಮಣ್ಣಿಗಿಂತ, ಅಂದರೆ ಕಪ್ಪು ಮಣ್ಣಿಗಿಂತ, ಒಳ್ಳೆಯ ವಸ್ತು ಇಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚುತ್ತದೆ, ನಡೆದರೆ ಚಪ್ಪಲಿಗೆ ಅಂಟಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ಈ ಮಣ್ಣಿನಲ್ಲಿ ಜಿಗುಟು ಅಂಶ ಜಾಸ್ತಿ, ಅದು ನೀರು ಹೀರಿದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಬಿರುಕು ಅದರಿಂದಲೇ ಅಂತ ಮೊದಲು ಹೇಳಿ. ಆ ವಿಷಯ ಗೊತ್ತಿರುವ ಮಗು 'ಹೊಲ ಬಾಯಿ ತೆರೆದು ನೀರು ಕೇಳಿತು, ಕುಡಿದ ಮೇಲೆ ಬಾಯಿ ಮುಚ್ಚಿತು' ಅಂತ ಬರೆಯುತ್ತದೆ. ಮಳೆಗಾಲದಲ್ಲಿ ಸಾಲಿಗೆ (ಶಾಲೆಗೆ) ನಡೆದು ಬರುವ ಮಗು 'ಎರೆ ಮಣ್ಣು ನನ್ನ ಕಾಲು ಹಿಡಿದುಕೊಂಡು ಹೋಗಬ್ಯಾಡ ಅಂತು' ಅಂತ ಬರೆಯುತ್ತದೆ. ಇಂಥ ವಾಕ್ಯ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಹಾವೇರಿ ಕಡೆಯವರು ಬ್ಯಾಡಗಿ ಮೆಣಸಿನಕಾಯಿ ತರಿಸಿ. ಸುಕ್ಕು ಸುಕ್ಕು, ಕಡುಕೆಂಪು, ಬಣ್ಣ ಜಾಸ್ತಿ, ಖಾರ ಕಡಿಮೆ. ನೋಡಲು ಸಿಟ್ಟಿನ ಅಜ್ಜಿ, ಹತ್ತಿರ ಹೋದರೆ ಮೆತ್ತಗೆ ಮಾತಾಡುವ ಅಜ್ಜಿ. ಗದಗದ ಕಡೆ ಗುಡ್ಡದ ಮೇಲಿನ ಗಾಳಿಯಂತ್ರಗಳಿವೆ, ಮೂರು ಕೈ ಇರುವ, ಗಾಳಿ ಬೀಸದ ದಿನ ಕೆಲಸವಿಲ್ಲದೆ ನಿಂತಿರುವ ಎತ್ತರದ ಆಳುಗಳು. ನವಲಗುಂದದವರಿಗೆ ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಅದು ಎಲ್ಲಿದೆ ಅಂತ ಹುಡುಕಬೇಕು, ಜೋರು ಮಳೆಯಾದರೆ ಹೊಲಕ್ಕೆ ನುಗ್ಗುತ್ತದೆ. ನೀವು ಯಾವ ಊರಿನಲ್ಲಿ ಇದ್ದೀರೋ ಅಲ್ಲಿನದೇ ಆರಿಸಿ. ನಮ್ಮ ಮಕ್ಕಳಿಗೆ ಸಮುದ್ರದ ಅಲೆ, ಹಿಮ ಕೊಟ್ಟರೆ ಮತ್ತೆ ಬಾಯಿಪಾಠಕ್ಕೇ ಹೋಗುತ್ತಾರೆ.

ಮೂರನೇ ಹೆಜ್ಜೆ: ಕ್ರಿಯಾಪದ ಬದಲಿಸೋದು

ಈಗ ವಾಕ್ಯಕ್ಕೆ ಬನ್ನಿ. 'ನಳದಿಂದ ಗಾಳಿ ಬಂತು' ಅಂತ ಬರೆದು, 'ನಳ' ಅನ್ನೋದನ್ನು ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿ, ಮನುಷ್ಯರು ಮಾಡುವ ಕೆಲಸ ಹಾಕಲು ಹೇಳಿ. 'ನಳ ಕೆಮ್ಮಿತು.' 'ನಳ ಗೊಣಗಿತು.' 'ನಳ ಗಂಟಲು ಸರಿ ಮಾಡಿಕೊಂಡಿತು.' ಇದು ಆಟದಂತೆ ಸಾಗುತ್ತದೆ. ಹತ್ತು ವಾಕ್ಯ ಬಾಯಲ್ಲೇ ಆದ ಮೇಲೆ ಬರೆಸಿ.

ಕನ್ನಡದಲ್ಲಿ ಕ್ರಿಯಾಪದದ ತುದಿಯಲ್ಲೇ ಲಿಂಗ ಗೊತ್ತಾಗುತ್ತದೆ ಅಲ್ವಾ, ಅದನ್ನೂ ಬಳಸಿಕೊಳ್ಳಿ. ಮಳೆ ಬಂತು, ಮಳೆರಾಯ ಬಂದ. ಹೊಳೆ ಬಂತು, ಗಂಗವ್ವ ಬಂದಳು. 'ತು' ಹೋಗಿ 'ಅ', 'ಅಳು' ಬಂದ ಕೂಡಲೇ ವಸ್ತು ಎದ್ದು ನಡೆಯತೊಡಗಿತು ಅನ್ನೋದು ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ.

ಆದರೆ ತುದಿ ನೋಡಿ ಮಾನವೀಕರಣ ಹೌದು, ಅಲ್ಲ ಅಂತ ತೀರ್ಮಾನ ಮಾಡುವ ಅಭ್ಯಾಸ ಮಾಡಿಸಬೇಡಿ. ಸೂರ್ಯ ಮೂಡಿದನು, ಸೂರ್ಯ ಮೂಡಿತು ಎರಡೂ ಸರಿ, ವ್ಯಾಕರಣದಲ್ಲಿ ಇದಕ್ಕೆ ಪುನ್ನಪುಂಸಕಲಿಂಗ ಅಂತ ಹೆಸರೇ ಇದೆ. ನಮ್ಮ ಕಡೆ ಮನೆಯ ಮಗಳಿಗೂ ಪ್ರೀತಿಯಿಂದ 'ಹುಡುಗಿ ಸಾಲಿಗೆ ಹೋಗೈತಿ' ಅನ್ನುತ್ತೇವೆ, ಹಾಗಂತ ಅವಳು ವಸ್ತು ಆಗಲಿಲ್ಲ. ಅತ್ತ 'ನಳ ಕೆಮ್ಮಿತು' ಅನ್ನೋದರಲ್ಲಿ ತುದಿ ನಪುಂಸಕಲಿಂಗದ್ದೇ, ಆದರೂ ಅದು ಮಾನವೀಕರಣವೇ. ನೋಡಬೇಕಾದ್ದು ಕೆಲಸವನ್ನು, ತುದಿಯನ್ನಲ್ಲ.

ಗೊಂದಲ ಆಗುವ ಮೂರು ಕಡೆ

ಒಂದು, 'ಹಾಗೆ', 'ಅಂತೆ' ಬರುವ ವಾಕ್ಯ. 'ಮಳೆ ಅಮ್ಮನ ಹಾಗೆ ಪ್ರೀತಿ ಮಾಡುತ್ತದೆ' ಅಂದರೆ ಅಲ್ಲಿ ಹೋಲಿಕೆ ಇಣುಕುತ್ತದೆ. 'ಮಳೆ ನನ್ನ ಕೆನ್ನೆ ಸವರಿತು' ಅಂದರೆ ನೇರ. ಉಪಮೆ, ರೂಪಕ ಎಲ್ಲ ಅವರಿಗೆ ಹೈಸ್ಕೂಲಿನಲ್ಲಿ ಬರುತ್ತವೆ, ಈಗ ಅವುಗಳ ಹೆಸರು ಬೇಡ. 'ಹಾಗೆ ತೆಗೆದು ಹೇಳು ನೋಡೋಣ' ಅಂದರೆ ಸಾಕು.

ಎರಡು, ಗಿಡ ಮತ್ತು ಪ್ರಾಣಿ. 'ಗಿಡ ಉಸಿರಾಡುತ್ತದೆ' ಅಂತ ಬರೆದ ಮಗುವಿಗೆ ನಿಧಾನವಾಗಿ ತಿಳಿಸಿ, ಗಿಡ ನಿಜವಾಗಿಯೂ ಉಸಿರಾಡುತ್ತದೆ, ಅದು ವಿಜ್ಞಾನ. 'ಗಿಡ ನಿಟ್ಟುಸಿರು ಬಿಟ್ಟಿತು' ಅಂದರೆ ಈ ಪಾಠಕ್ಕೆ ಬರುತ್ತದೆ. ನಾಯಿ ಓಡಿತು, ಹಸು ಹಸಿದಿದೆ ಅನ್ನೋವೂ ನಿಜದ ಮಾತುಗಳೇ. ಮಾತಾಡುವ ನರಿ, ಆಮೆ ಕತೆಗಳನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ, ಅವೂ ಈ ಜಾತಿಯವೇ. ಆದರೆ ಶುರುವಿನಲ್ಲಿ ಪೂರ್ತಿ ನಿರ್ಜೀವ ವಸ್ತುಗಳನ್ನೇ ಹಿಡಿದರೆ ಗೆರೆ ಸ್ಪಷ್ಟವಾಗಿರುತ್ತದೆ.

ಮೂರು, ಹೆಸರು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ತ್ವರಿತ ಸಾರಿಗೆ ಬಸ್ಸಿಗೆ ಚಿಗರಿ (ಜಿಂಕೆ) ಅಂತ ಹೆಸರಿದೆ. ಅದು ಮಾನವೀಕರಣವೇ ಅಂತ ಕೇಳಿ ನೋಡಿ, ಒಳ್ಳೆ ಚರ್ಚೆ ಆಗುತ್ತದೆ. ವೇಗಕ್ಕೆ ಹೆಸರಾದ ಪ್ರಾಣಿಯ ಹೆಸರು ಇಟ್ಟಿದ್ದಾರೆ ಅಷ್ಟೇ, ಅಲ್ಲಿ ಮನುಷ್ಯ ಇಲ್ಲ. 'ಚಿಗರಿ ಬಾಗಿಲು ತೆಗೆದು ಬರ್ರಿ, ಒಳಗ ಬರ್ರಿ ಅಂತ ಕರೆಯಿತು' ಅಂದಾಗ ಮನುಷ್ಯ ಬಂದ.

ನಾಲ್ಕನೇ ಹೆಜ್ಜೆ: 'ಯಾಕೆ?'

ಪ್ರತಿ ವಾಕ್ಯಕ್ಕೂ ಒಂದು ಯಾಕೆ ಕೇಳಿ. ಬೈಯುವ ದನಿಯಲ್ಲಿ ಬೇಡ, ಕುತೂಹಲದಿಂದ ಕೇಳಿ.

ಅಡುಗೆ ಮನೆಯ ಉದಾಹರಣೆ ತಗೊಳ್ಳಿ. 'ರೊಟ್ಟಿ ಸಿಟ್ಟಿನಿಂದ ಉಬ್ಬಿತು.' ಯಾಕೆ ಸಿಟ್ಟು? 'ಕೆಳಗೆ ಹಂಚು ಸುಡ್ತೈತಿ, ಅವ್ವ ಮ್ಯಾಲೆ ಅರಿವಿ (ಬಟ್ಟೆ) ತಗೊಂಡು ಒತ್ತತಾಳ್ರಿ, ಸಿಟ್ಟು ಬರಂಗಿಲ್ಲೇನು?' ಇದು ಸರಿಯಾದ ಉತ್ತರ. ಇನ್ನೊಂದು ಮಗು 'ಸಿಟ್ಟಲ್ಲ, ಅದು ಉಸಿರು ಕಟ್ಟಿಕೊಂಡು ಕೂತೈತಿ, ಚುಚ್ಚಿದ್ರ ಹುಸ್ ಅಂತ ಬಿಡ್ತೈತಿ' ಅನ್ನಬಹುದು. ಇದೂ ಸರಿ, ನನಗೆ ಕೇಳಿದರೆ ಇದು ಇನ್ನೂ ಚೆಂದ, ಯಾಕೆಂದರೆ ಒಳಗಿನ ಹಬೆಯನ್ನೂ ಆ ಮಗು ಗಮನಿಸಿದೆ. ಎರಡರಲ್ಲಿ ಯಾವುದು ಸರಿ ಅಂತ ತೀರ್ಪು ಕೊಡಬೇಡಿ. ಇಬ್ಬರಿಗೂ ಕಾರಣ ಇದೆ, ಕಾರಣ ಇದ್ದರೆ ಆಯಿತು.

'ಬೆಂಚು ಸಂತೋಷದಿಂದ ಹಾಡಿತು' ಅಂತ ಬರೆದವರನ್ನೂ ಯಾಕೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಬೆಂಚಿನ ಹತ್ತಿರ ಕಳಿಸಿ. ಅಲುಗಾಡಿಸಿ ನೋಡಲಿ. ಕಿರ್ ಅನ್ನುತ್ತದೆ. 'ಮೂರು ಮಂದಿ ಕೂತ ಕೂಡಲೇ ಬೆಂಚು ನರಳಿತು' ಅಂತ ತಿದ್ದಿಕೊಂಡು ಬರುತ್ತಾರೆ.

ನಗು, ಅಳು, ಕುಣಿತ, ಹಾಡು ಈ ನಾಲ್ಕು ಪದಗಳಿಗೆ ಒಂದು ವಾರ ರಜೆ ಕೊಡಿ. ಅವನ್ನು ಬಳಸುವಂತಿಲ್ಲ ಅಂದರೆ ಮಕ್ಕಳು ಎಲ್ಲೆಲ್ಲಿಂದಲೋ ಕ್ರಿಯಾಪದ ತರುತ್ತಾರೆ: ಗೊಣಗು, ಹಲ್ಲು ಕಡಿ, ತೂಕಡಿಸು, ಮುಖ ತಿರುಗಿಸು, ಚಾಡಿ ಹೇಳು, ಜಂಬ ಪಡು, ಕದ್ದು ನೋಡು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ಹಾಳೆ ಕತೆ ಬರೆಯುವಾಗಲೂ ಕೆಲಸಕ್ಕೆ ಬರುತ್ತದೆ.

ಐದನೇ ಹೆಜ್ಜೆ: ವಸ್ತುವಿಗೆ ದನಿ ಕೊಡೋದು

ವಾಕ್ಯ ಬಂದ ಮೇಲೆ 'ನಾನು' ಅಂತ ಬರೆಯಲು ಬಿಡಿ. ನಾನು ಪಾಟಿಚೀಲ. ನಾನು ಸಾಲಿಯ ಗಂಟೆ. ಬರೆಯುವ ಮೊದಲು ನಟನೆ ಮಾಡಿಸಿ. ಒಬ್ಬರು ಪಾಟಿಚೀಲ, ಒಬ್ಬರು ಅದರ ಯಜಮಾನ. ಓದು ಬರಹ ಇನ್ನೂ ಸರಿಯಾಗಿ ಬಾರದ ಮಕ್ಕಳು ಇಲ್ಲಿ ಎಲ್ಲರಿಗಿಂತ ಮುಂದೆ ಬರುತ್ತಾರೆ, ಅವರಿಗೆ ಮೊದಲ ಅವಕಾಶ ಕೊಡಿ. ಅವರು ಹೇಳಿದ್ದನ್ನು ನೀವೇ ಬೋರ್ಡ್ ಮೇಲೆ ಬರೆದು, ಅವರ ಹೆಸರು ಹಾಕಿ. ಆಮೇಲೆ ಅದನ್ನೇ ನೋಡಿ ಬರೆದುಕೊಳ್ಳಲಿ. ತಮ್ಮದೇ ಮಾತು ಆದ್ದರಿಂದ ಓದಲು ಹೆದರುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ವಸ್ತು ಮಾತಾಡುವಾಗ ಮನೆಯ ಮಾತೇ ಬರಲಿ. 'ಯಾಕೋ ತಮ್ಮಾ, ಹಿಂಗ ಒಗೀತೀ? ನನಗೂ ನೋವಾಗ್ತೈತಿ' ಅಂತ ಪಾಟಿಚೀಲ ಅಂದರೆ ಅದಕ್ಕೆ ಜೀವ ಇದೆ. ಅದನ್ನೇ 'ಸಹೋದರನೇ, ನನ್ನನ್ನು ಹೀಗೇಕೆ ಎಸೆಯುತ್ತಿರುವೆ' ಅಂತ ತಿದ್ದಿಸಿದರೆ ತುಂಬಿದ ಜೀವ ನೀವೇ ತೆಗೆದ ಹಾಗೆ. ಉಳಿದ ವಿವರಣೆ ಪುಸ್ತಕದ ಕನ್ನಡದಲ್ಲಿರಲಿ, ಮಾತು ಮಾತ್ರ ಮಾತಿನ ಹಾಗೆ ಇರಲಿ.

ಇಲ್ಲಿ ಒಂದು ರೋಗ ಇದೆ, ಅದನ್ನು ಗಟ್ಟಿಯಾಗಿ ತಡೆಯಬೇಕು. ಮರಕ್ಕೆ ದನಿ ಕೊಟ್ಟ ಕೂಡಲೇ ಅದು 'ನನ್ನನ್ನು ಕಡಿಯಬೇಡಿ, ನಾನು ಆಮ್ಲಜನಕ ಕೊಡುತ್ತೇನೆ' ಅನ್ನುತ್ತದೆ. ಕೆರೆಗೆ ದನಿ ಕೊಟ್ಟರೆ 'ನನ್ನಲ್ಲಿ ಕಸ ಹಾಕಬೇಡಿ' ಅನ್ನುತ್ತದೆ. ಗೋಡೆ ಬರಹವನ್ನೇ ಮಗು ನಕಲು ಮಾಡುತ್ತಿದೆ, ಪಾಪ, ಅದಕ್ಕೆ ಚಪ್ಪಾಳೆಯೂ ಸಿಗುತ್ತದೆ. ಪರಿಸರದ ಕಾಳಜಿ ಬೇಡ ಅಂತಲ್ಲ. ಆದರೆ ಹುಬ್ಬಳ್ಳಿಯ ಉಣಕಲ್ ಕೆರೆಗೆ ದಿನವಿಡೀ ಉಪದೇಶವೇ ಕೆಲಸವೇ? ಸಂಜೆ ದಂಡೆಯಲ್ಲಿ ಕೂತು ಗಿರ್ಮಿಟ್ ತಿನ್ನುವವರನ್ನು ಅದು ನೋಡುವುದಿಲ್ಲವೇ, ಯಾರ ಮಾತು ಕೇಳಿಸಿಕೊಳ್ಳುತ್ತದೆ, ರಾತ್ರಿ ಯಾರೂ ಇಲ್ಲದಾಗ ಏನು ಮಾಡುತ್ತದೆ? ಹೀಗೆ ಕೇಳಿ. ಉಪದೇಶ ಬಂದರೆ 'ಸರಿ, ಅದನ್ನು ಹೇಳಿ ಆಯಿತು, ಆಮೇಲೆ?' ಅಂತ ಮುಂದಕ್ಕೆ ತಳ್ಳಿ.

ಹರಿದ ಛತ್ರಿಯ ಆತ್ಮಕಥೆ, ನಾಣ್ಯದ ಆತ್ಮಕಥೆ ಅಂತ ಪ್ರಬಂಧ ಬರೆಸುತ್ತೇವಲ್ಲ, ಅದೂ ಇದೇ ಪಾಠ. ಆದರೆ ಪ್ರಬಂಧ ಪುಸ್ತಕಗಳಲ್ಲಿ ಸಿದ್ಧ ಉತ್ತರ ಇರುವುದರಿಂದ ಆ ವಿಷಯಗಳನ್ನು ಬಿಡಿ. 'ಬಿಸಿಯೂಟದ ಕೋಣೆಯ ದೊಡ್ಡ ಸೌಟು', 'ನಮ್ಮ ಸಾಲಿಯ ಮೂರನೇ ಕಿಟಕಿ' ಅಂತ ಕೊಡಿ. ನಕಲು ಮಾಡಲು ಎಲ್ಲೂ ಸಿಗುವುದಿಲ್ಲ.

ನೋಟ್‌ಬುಕ್ ತಿದ್ದುವಾಗ

ಕಾಗುಣಿತದ ತಪ್ಪುಗಳನ್ನು ಇದರಲ್ಲಿ ಕೆಂಪು ಇಂಕಿನಿಂದ ಸುತ್ತಬೇಡಿ, ಅದಕ್ಕೆ ಬೇರೆ ದಿನ ಇದೆ. ಇಷ್ಟವಾದ ಒಂದು ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ, ಆಧಾರ ಕಾಣದ ಒಂದು ವಾಕ್ಯದ ಪಕ್ಕ 'ಯಾಕೆ?' ಅಂತ ಬರೆಯಿರಿ. ಪ್ರತಿ ಪುಟಕ್ಕೆ ಇವೆರಡೇ ಸಾಕು.

ಕಿರು ಪರೀಕ್ಷೆ ಇಡಬೇಕಾದರೆ ವ್ಯಾಖ್ಯೆ ಕೇಳಬೇಡಿ. ನಾಲ್ಕು ವಾಕ್ಯ ಕೊಟ್ಟು ಎಲ್ಲಿ ಜೀವ ತುಂಬಿದ್ದಾರೆ, ಯಾವ ಪದದಿಂದ ಗೊತ್ತಾಯಿತು ಅಂತ ಕೇಳಿ. ಉದಾಹರಣೆಗೆ: ಗಾಳಿ ಜೋರಾಗಿ ಬೀಸಿತು. ಗಾಳಿ ಬಾಗಿಲು ಬಡಿದು ಓಡಿಹೋಯಿತು. ಬೆಕ್ಕು ಹಾಲು ಕುಡಿಯಿತು. ಹಂಚು ಹಾಲಿನ ಪಾತ್ರೆಯ ಮೇಲೆ ಹಲ್ಲು ಮಸೆಯಿತು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹೌದು ಅಂದರೆ ಅರ್ಧ ಅಂಕ, ಪದ ತೋರಿಸಿದರೆ ಪೂರ್ತಿ ಅಂಕ. ಕೊನೆಯ ಪ್ರಶ್ನೆಗೆ ಒಂದು ವಸ್ತುವನ್ನು ಮೇಜಿನ ಮೇಲೆ ಇಡಿ, ಬೀಗ ಇರಲಿ, ಸವೆದ ಡಸ್ಟರ್ ಇರಲಿ. ಐದು ನಿಮಿಷ ಎಲ್ಲರೂ ಹತ್ತಿರ ಬಂದು ಮುಟ್ಟಿ ನೋಡಲಿ. ಆಮೇಲೆ ಮೂರು ವಾಕ್ಯ ಬರೆಯಲಿ, ಪ್ರತಿ ವಾಕ್ಯದ ಮುಂದೆ ಕಾರಣವನ್ನೂ ಬರೆಯಲಿ.